ವಲಸೆ ಚೀಟಿಗಳ ಚರಿತ್ರೆಕಾರ: ಫಿಜಿಯ ಬ್ರಿಜ್ ಲಾಲ್

1879ರ ಮೇ 14ರಂದು ಭಾರತದ ಕೂಲಿಗಳನ್ನು ಹೊತ್ತ ‘ಲಿಯೋನಿಡಾಸ್’ ಹಡಗು ಫಿಜಿ ತಲುಪಿತು. ಅಂದಿನಿಂದ 1916ರವರೆಗೆ ಕಲ್ಕತ್ತಾ, ಮದರಾಸು ಬಂದರುಗಳಿಂದ ಅರವತ್ತು ಸಾವಿರಕ್ಕೂ ಹೆಚ್ಚು ಜನ ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟೊತ್ತಿ ಫಿಜಿಯ ಕಬ್ಬಿನ ತೋಟಗಳಿಗೆ ದುಡಿಯಲು ಹೋದರು. ಇವರೇ ಗಿರ್ಮಿಟಿಯರು. ಇವರ ಚರಿತ್ರೆಯನ್ನು ಬುಡದಿಂದ ಕಟ್ಟಿದವರು ಇವರದೇ ಪೈಕಿ ಒಬ್ಬರ ಮೊಮ್ಮಗ.

ಬ್ರಿಜ್ ಲಾಲ್ ಹುಟ್ಟಿದ್ದು 1952ರಲ್ಲಿ, ವನುವಾ ಲೆವು ದ್ವೀಪದ ಟಬಿಯಾ ಹಳ್ಳಿಯಲ್ಲಿ. ಮನೆಯಲ್ಲಿ ಕಬ್ಬಿನ ಬೇಸಾಯ. ಅಪ್ಪ ಅಮ್ಮನಿಗೆ ಓದುಬರಹ ಇಲ್ಲ. ಅಜ್ಜ ಉತ್ತರ ಭಾರತದ ಬಹರಾಯಿಚ್ ಸೀಮೆಯಿಂದ ಬಂದವರು. ಲಾಲ್ ಫಿಜಿಯ ಲಬಾಸಾ, ಸುವಾಗಳಲ್ಲಿ ಓದಿ, ಕೆನಡಾಕ್ಕೆ ಹೋಗಿ, ಕೊನೆಗೆ ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ಸೇರಿದರು.

ಅಲ್ಲಿ ಪಿಎಚ್‌ಡಿಗೆ ಕೈಹಾಕಿದ ಕೆಲಸ ಎಂಥವರಿಗೂ ಬೇಸರ ತರಿಸುವಂಥದು. ಕಲ್ಕತ್ತಾದಿಂದ ಹಡಗು ಹತ್ತಿದ ಪ್ರತಿಯೊಬ್ಬರಿಗೂ ಒಂದು ವಲಸೆ ಚೀಟಿ ಇತ್ತು: ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಠಾಣೆ, ಜಿಲ್ಲೆ, ಎತ್ತರ, ಮೈಮೇಲಿನ ಮಚ್ಚೆ ಅಥವಾ ಗಾಯದ ಗುರುತು. ಅಂಥ ನಲವತ್ತೈದು ಸಾವಿರಕ್ಕೂ ಮಿಕ್ಕ ಚೀಟಿಗಳನ್ನು ಲಾಲ್ ಒಂದೊಂದಾಗಿ ಓದಿ ಕಂಪ್ಯೂಟರಿಗೆ ಉಣಿಸಿದರು. ಹೋದವರೆಲ್ಲ ದಲ್ಲಾಳಿಗಳ ಮಾತಿಗೆ ಮರುಳಾದ ಮುಗ್ಧರು, ಕೀಳು ಜಾತಿಯವರು ಎಂಬ ಹಳೆಯ ನಂಬಿಕೆ ಇದರ ಮುಂದೆ ನಿಲ್ಲಲಿಲ್ಲ. ಅವರ ಜಾತಿಗಳ ಪಟ್ಟಿ ಹೆಚ್ಚುಕಡಿಮೆ ಅವರ ಸೀಮೆಯದೇ ಪಟ್ಟಿಯಾಗಿತ್ತು. ಅನೇಕರು ಕೂಲಿ ಹುಡುಕಿಕೊಂಡು ಮೊದಲೇ ಊರು ಬಿಟ್ಟಿದ್ದವರು, ಬೇರೆ ಜಿಲ್ಲೆಯಲ್ಲಿ ಹೆಸರು ಬರೆಸಿದವರು. ಹಾಗೆಂದು ದಲ್ಲಾಳಿಗಳ ಮೋಸವನ್ನು ಅವರು ತಳ್ಳಿಹಾಕಲಿಲ್ಲ, ಎಲ್ಲಕ್ಕೂ ಅದೊಂದೇ ಕಾರಣ ಎನ್ನುವುದನ್ನು ಒಪ್ಪಲಿಲ್ಲ, ಅಷ್ಟೇ. ಹೆಂಗಸರ ಮೇಲೆ ಹೊರಿಸಿದ್ದ ಅಪವಾದವನ್ನೂ ಅವರು ಬಿಡಲಿಲ್ಲ. ತೋಟದ ಲೈನುಮನೆಗಳಲ್ಲಿ ಗಂಡಸರ ಆತ್ಮಹತ್ಯೆಗೆ ಹೆಂಗಸರ ನಡತೆಯೇ ಕಾರಣ ಎಂದು ಅಧಿಕಾರಿಗಳು ಷರಾ ಬರೆದು ಕೈತೊಳೆದುಕೊಂಡಿದ್ದರು. ಮೇಲ್ವಿಚಾರಕನಿಂದ ಪಾರಾಗಲು 1913ರಲ್ಲಿ ನದಿಗೆ ಹಾರಿದ ಕುಂತಿ ಎಂಬ ಕೂಲಿ ಹೆಂಗಸಿನ ಪ್ರಕರಣ ಹಿಡಿದು ಲಾಲ್ ಆ ಷರಾವನ್ನೇ ಪ್ರಶ್ನಿಸಿದರು.

ಪಿಎಚ್‌ಡಿ ಪ್ರಬಂಧದಿಂದ ಬಂದ ‘ಗಿರ್ಮಿಟಿಯಾಸ್’ (1983) ಚಿಕ್ಕ ಪುಸ್ತಕ. ಮುಂದೆ ಅವರು ದಪ್ಪ ದಪ್ಪ ಪುಸ್ತಕಗಳನ್ನು ಬರೆದರೂ ನನ್ನ ತೂಕ ಇದಕ್ಕೇ.

ಹವಾಯಿಯಲ್ಲಿ ಪಾಠ ಹೇಳಿ 1990ರಲ್ಲಿ ಕ್ಯಾನ್ಬೆರಾಕ್ಕೆ ಮರಳಿದ ಲಾಲ್, ಸರ್ ಪಾಲ್ ರೀವ್ಸ್ ಅಧ್ಯಕ್ಷತೆಯ ಫಿಜಿಯ ಮೂವರ ಸಂವಿಧಾನ ಪರಿಶೀಲನಾ ಆಯೋಗದಲ್ಲಿ ಒಬ್ಬರಾದರು. ಅದರ ವರದಿಯ ಬಲದ ಮೇಲೆ 1997ರ ಸಂವಿಧಾನ ಬಂತು. 2000ದ ಕ್ಷಿಪ್ರಕ್ರಾಂತಿ ಅದನ್ನು ಅಲ್ಲಾಡಿಸಿತು, 2009ರಲ್ಲಿ ಸೇನಾ ಆಡಳಿತ ರದ್ದೇ ಮಾಡಿತು. ಅದೇ ವರ್ಷ ನವೆಂಬರಿನಲ್ಲಿ, ಸರ್ಕಾರವನ್ನು ಟೀಕಿಸಿದ ತಪ್ಪಿಗೆ ಲಾಲ್ ಅವರನ್ನು ಹಿಡಿದು ವಿಚಾರಣೆ ಮಾಡಿ ದೇಶ ಬಿಡಿಸಿದರು. ಆಮೇಲೆ ಪತ್ನಿ ಪದ್ಮಾ ಅವರಿಗೂ ಪ್ರವೇಶ ಇಲ್ಲವೆಂದಾಯಿತು. ಆಕೆ ಪರಿಸರ ಅರ್ಥಶಾಸ್ತ್ರಜ್ಞೆ; ಆ ಟೀಕೆಯಲ್ಲಿ ಆಕೆಯ ಪಾಲೇನೋ!

2021ರ ಕ್ರಿಸ್‌ಮಸ್ ದಿನ ಲಾಲ್ ಬ್ರಿಸ್ಬೇನಿನಲ್ಲಿ ತೀರಿಕೊಂಡರು. ಫಿಜಿ ಪ್ರವೇಶದ ನಿಷೇಧ ತೆಗೆದದ್ದು ಮರುವರ್ಷದ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಸಿತಿವೇನಿ ರಬುಕಾ ಸರ್ಕಾರ. 1987ರಲ್ಲಿ ಫಿಜಿಯ ಭಾರತೀಯರ ಬೆಂಬಲದ ಸರ್ಕಾರವನ್ನು ಬಂದೂಕಿನಿಂದ ಕೆಡವಿದ್ದವರೂ ಇದೇ ರಬುಕಾ.