ಗೋಕಾಕ ಸೀಮೆಯ ಬೇಡರು ಮತ್ತು ಪರಿಶಿಷ್ಟ ಪಂಗಡದ ಪಟ್ಟಿ: ಒಂದು ಚಾರಿತ್ರಿಕ ಅವಲೋಕನ

ಬೆಳಗಾವಿ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ ಒಂದೇ, ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ. 2008ರ ಮರುವಿಂಗಡಣೆಗೆ ಮೊದಲು ಆ ಮೀಸಲು ಗೋಕಾಕಕ್ಕಿತ್ತು. ಪಕ್ಕದ ಅರಭಾವಿ ಸಾಮಾನ್ಯ ಕ್ಷೇತ್ರ. ಬೇಡ, ನಾಯಕ, ವಾಲ್ಮೀಕಿ ಎಂಬ ಹೆಸರುಗಳಿಂದ ಗುರುತಾಗುವ ಈ ಸೀಮೆಯ ಜನ ಶಾಸನಸಭೆಯ ಬಾಗಿಲು ತಲುಪಿದ ದಾರಿ ಸುತ್ತುಬಳಸಿನದು. ಅವರ ಚರಿತ್ರೆಯನ್ನು ನೋಡಿ ಯಾರೂ ಮಾನ್ಯತೆ ಕೊಡಲಿಲ್ಲ. ಮುಂಬಯಿ ಪ್ರಾಂತದ ಕಡತದಲ್ಲಿದ್ದ ಒಂದು ಹೆಸರಿನ ಜಾಡು ಹಿಡಿದು ಅದು ಬಂತು ಎಂಬುದು ನನ್ನ ವಾದ.

ಚರಿತ್ರೆಗೇನೂ ಕೊರತೆಯಿರಲಿಲ್ಲ. ಗೋಕಾಕದಲ್ಲಿ ಧುಮುಕುವ ಘಟಪ್ರಭೆ ಮುಂದೆ ಮುಧೋಳ ಸೀಮೆಗೆ ಹರಿಯುತ್ತದೆ. ಅಲ್ಲಿನ ಹಲಗಲಿಯ ಬೇಡರು 1857ರಲ್ಲಿ ಕಂಪನಿ ಸರ್ಕಾರದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದರು. ಬೇಟೆ, ಕಾವಲು, ಪಾಳೆಯಗಾರರ ದಂಡಿನ ಚಾಕರಿಯಿಂದ ಬದುಕಿದವರಿಗೆ ಆಯುಧ ಕಸಿದುಕೊಳ್ಳುವುದೆಂದರೆ ಅನ್ನ, ಮಾನ ಎರಡನ್ನೂ ಕಸಿದುಕೊಂಡಂತೆ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಬಂಡಾಯದ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಜೆ.ಎಫ್. ಫ್ಲೀಟ್, ಅದೇ ಆಡಳಿತದ ಅಧಿಕಾರಿ.

ವಸಾಹತು ಆಡಳಿತ ಇಂಥ ಸಮುದಾಯಗಳನ್ನು ಕಂಡದ್ದು ಅಪರಾಧದ ಕಣ್ಣಿನಿಂದ. ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲೂ ಬಂಧಿತ ವಸತಿಗಳು ಎದ್ದವು. ಬಿಜಾಪುರದಲ್ಲಿ ಇವುಗಳ ಉಸ್ತುವಾರಿ ನೋಡಿದ ಒ.ಎಚ್.ಬಿ. ಸ್ಟಾರ್ಟ್ 1928ರಲ್ಲಿ ನೇಮಕವಾದ ಮುಂಬಯಿ ಸರ್ಕಾರದ ಸಮಿತಿಯ ಅಧ್ಯಕ್ಷನೂ ಆದ. ಸದಸ್ಯರಲ್ಲಿ ಅಂಬೇಡ್ಕರ್ ಮತ್ತು ಎ.ವಿ. ಠಕ್ಕರ್ ಇದ್ದರು. 1930ರ ವರದಿ ಹಿಂದುಳಿದವರನ್ನು ದಲಿತ ವರ್ಗ, ಮೂಲನಿವಾಸಿ ಮತ್ತು ಗುಡ್ಡಗಾಡು ಬುಡಕಟ್ಟು, ಇತರೆ ಹಿಂದುಳಿದವರು ಎಂದು ಮೂರಾಗಿ ವಿಂಗಡಿಸಿತು. ಈಗಿನ ಪಟ್ಟಿಗಳ ಬೇರು ಅಲ್ಲಿದೆ.

1950ರ ರಾಷ್ಟ್ರಪತಿಗಳ ಆದೇಶದ ಮುಂಬಯಿ ಪಟ್ಟಿಯಲ್ಲಿದ್ದದ್ದು ‘ನಾಯ್ಕಡ’ ಮತ್ತು ಅದರ ಜೊತೆಗೆ ‘ನಾಯಕ’. ನಾಯ್ಕಡರು ಗುಜರಾತಿನ ಪಂಚಮಹಾಲ್ ಕಡೆಯ ಬುಡಕಟ್ಟು. ಘಟಪ್ರಭೆಯ ದಡದ ಬೇಡರಿಗೂ ಅವರಿಗೂ ನಂಟಿಲ್ಲ. ಆದರೂ 1956ರಲ್ಲಿ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಆ ನಮೂದೂ ಅವುಗಳ ಜೊತೆ ಬಂತು. 1976ರ ತಿದ್ದುಪಡಿ ಆ ನಮೂದಿಗಿದ್ದ ಪ್ರದೇಶದ ಗಡಿ ಅಳಿಸಿ ಅದನ್ನು ಇಡೀ ರಾಜ್ಯಕ್ಕೆ ಅನ್ವಯಿಸಿತು. 1971ರಲ್ಲಿ ಸುಮಾರು 2.3 ಲಕ್ಷವಿದ್ದ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 1981ರಲ್ಲಿ 18 ಲಕ್ಷ ದಾಟಿತು. ಹತ್ತು ವರ್ಷದಲ್ಲಿ ಹುಟ್ಟಿದ ಜನರಲ್ಲ ಇವರು. ಅದುವರೆಗೆ ಲೆಕ್ಕಕ್ಕೆ ಸಿಗದವರು. ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಪಟ್ಟಿಗೆ ಸೇರಿದ್ದು 1991ರಲ್ಲಿ, ಹಲಗಲಿಯ ಗಲ್ಲುಗಳಾಗಿ 134 ವರ್ಷದ ಮೇಲೆ.

ಅಲ್ಲಿಗೂ ಮುಗಿಯಲಿಲ್ಲ. ಈ ಭಾಗದ ಹಳ್ಳಿಗಳಲ್ಲಿ ಚಾವಡಿ ಕಾಯುತ್ತಿದ್ದ, ಊರ ಗಸ್ತು ತಿರುಗುತ್ತಿದ್ದ ಮನೆತನಗಳು ತಳವಾರರೆನಿಸಿದವು. ಶಾಲೆಗೆ ಮಗುವನ್ನು ಸೇರಿಸಿದ ದಿನ ಮಾಸ್ತರರು ದಾಖಲಾತಿಯಲ್ಲಿ ‘ತಳವಾರ’ ಎಂದು ಬರೆದುಕೊಂಡರೆ ಮುಂದೆ ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರಕ್ಕೆ ಅದೇ ಅಡ್ಡಿ. ಅಣ್ಣನ ದಾಖಲೆಯಲ್ಲಿ ನಾಯಕ, ತಮ್ಮನದರಲ್ಲಿ ತಳವಾರ ಎಂದಿದ್ದರೆ ಒಂದೇ ಮನೆ ಎರಡು ವರ್ಗಕ್ಕೆ ಸೇರುತ್ತಿತ್ತು. ಪಟ್ಟಿಯಲ್ಲಿಲ್ಲದ ಸಮಾನಾರ್ಥಕವನ್ನು ನ್ಯಾಯಾಲಯವೂ ಸೇರಿಸಿ ಓದುವಂತಿಲ್ಲ ಎಂದು ಮಹಾರಾಷ್ಟ್ರದ ಮಿಲಿಂದ್ ಪ್ರಕರಣದಲ್ಲಿ 2000ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ತಿದ್ದುವ ಅಧಿಕಾರ ಸಂಸತ್ತಿನದು ಮಾತ್ರ. ಪರಿವಾರ, ತಳವಾರ ಹೆಸರುಗಳನ್ನು ಸಂಸತ್ತು ಸೇರಿಸಿದ್ದು 2020ರಲ್ಲಿ.

ಪಟ್ಟಿಗೂ ರಾಜಕೀಯ ದನಿಗೂ ಇರುವ ನಂಟು ಗಡಿ ದಾಟಿದರೆ ಇನ್ನೂ ಸ್ಪಷ್ಟ. ಮಹಾರಾಷ್ಟ್ರದಲ್ಲಿ ಇದೇ ಬೇಡರು ‘ಬೇರಡ’ ಎಂಬ ಹೆಸರಿನಲ್ಲಿ ವಿಮುಕ್ತ ಜಾತಿಗಳ ಸಾಲಿನಲ್ಲಿದ್ದಾರೆ. ರಾಜ್ಯದ ನೌಕರಿ, ಶಿಕ್ಷಣದಲ್ಲಿ ಪಾಲುಂಟು; ವಿಧಾನಸಭೆ, ಲೋಕಸಭೆಯಲ್ಲಿ ಮೀಸಲು ಸ್ಥಾನವಿಲ್ಲ. ಕರ್ನಾಟಕದಲ್ಲಿ ಜನಸಂಖ್ಯೆ ಲೆಕ್ಕಕ್ಕೆ ಬಂದ ಮೇಲೆ 2008ರಲ್ಲಿ ಮೀಸಲು ಕ್ಷೇತ್ರಗಳು 2ರಿಂದ 15ಕ್ಕೇರಿದವು. ಗೋಕಾಕ ಸೀಮೆಯಲ್ಲಂತೂ ಇದೇ ಸಮುದಾಯದ ಜಾರಕಿಹೊಳಿ ಮನೆತನದವರು ಸಾಮಾನ್ಯ ಕ್ಷೇತ್ರಗಳಾದ ಗೋಕಾಕ, ಅರಭಾವಿಗಳಲ್ಲೂ ಗೆಲ್ಲುತ್ತ ಬಂದಿದ್ದಾರೆ. ಇದು ದೊಡ್ಡ ಸಾಧನೆ. ಆದರೆ ಒಂದು ಮನೆತನದ ಬಲವನ್ನೇ ಸಮುದಾಯದ ದನಿಯೆಂದು ಎಣಿಸುವುದು ಸರಿಯಲ್ಲ. 2011ರ ಗಣತಿಯಲ್ಲಿ ರಾಜ್ಯದ ಶೇ. 6.95ರಷ್ಟಿದ್ದ ಪಂಗಡಗಳಿಗೆ ನೌಕರಿ, ಶಿಕ್ಷಣದ ಮೀಸಲಾತಿ ಶೇ. 3ರಲ್ಲೇ ನಿಂತಿತ್ತು. ಅದನ್ನು ಶೇ. 7ಕ್ಕೆ ಏರಿಸಬೇಕೆಂದು ನಾಗಮೋಹನ ದಾಸ್ ಆಯೋಗ 2020ರಲ್ಲೇ ಹೇಳಿದ್ದರೂ, ಸುಗ್ರೀವಾಜ್ಞೆ ಹೊರಟದ್ದು 2022ರಲ್ಲಿ, ರಾಜನಹಳ್ಳಿ ವಾಲ್ಮೀಕಿ ಗುರುಪೀಠದ ಸ್ವಾಮೀಜಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ.

ಸಂಖ್ಯೆ ಇಲ್ಲದವರ ಗತಿ ಬೇರೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಿದ್ದು ತಳವಾರರ ಜೊತೆಗೇ, 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಕಾಡಂಚಿನಲ್ಲಿ ಚದುರಿಹೋದ ಇಷ್ಟು ಚಿಕ್ಕ ಸಮುದಾಯಕ್ಕೆ ಜನಸಂಖ್ಯೆಯ ಆಧಾರದ ಮೇಲೆ ಕ್ಷೇತ್ರ ಎಂದಿಗೂ ಸಿಗದು. ನಾಮನಿರ್ದೇಶನ ಆಯಾ ಸರ್ಕಾರದ ಇಷ್ಟ. ಅಲ್ಪಸಂಖ್ಯೆಯ ಸಮುದಾಯವೊಂದಕ್ಕೆ ಶಾಸನಸಭೆಯಲ್ಲಿ ಸ್ಥಾನ ಕಾದಿಡುವ ಪದ್ಧತಿ ನಮ್ಮ ಸಂವಿಧಾನಕ್ಕೆ ಹೊಸದೇನಲ್ಲ. ಆಂಗ್ಲೋ ಇಂಡಿಯನ್ನರಿಗೆ 333ನೇ ವಿಧಿ ಅದನ್ನು ಏಳು ದಶಕ ಕೊಟ್ಟಿತ್ತು. 2020ರ ಜನವರಿಯಲ್ಲಿ ನಿಂತಿತು. ಸಿದ್ದಿ, ಜೇನುಕುರುಬ, ಕೊರಗರಂಥ ಸಮುದಾಯಗಳಿಗೆ ಅದೇ ಬಗೆಯ ಸ್ಥಾನ ಕೊಡುವ ತಿದ್ದುಪಡಿಯನ್ನು ಕರ್ನಾಟಕದ ವಿಧಾನಸಭೆ ನಿರ್ಣಯ ಮಾಡಿ ಕೇಂದ್ರಕ್ಕೆ ಕೇಳಬೇಕು.