ವೈಯಾವೃತ್ಯ: ರೋಗಶಯ್ಯೆಯ ಬಳಿಯ ಧರ್ಮ

ಆಸ್ಪತ್ರೆಯಲ್ಲಿ ಮಲಗಿರುವ ಮಿತ್ರನನ್ನು ಕಾಣಲು ಹೊರಟ ಶ್ರಾವಕರು ಬಸದಿಯ ಗಂಧೋದಕವನ್ನು ಸಣ್ಣ ಸೀಸೆಯಲ್ಲಿ ತುಂಬಿಕೊಂಡು ಹೋಗುವುದುಂಟು. ರೋಗಿಯ ಹಣೆಗೆ ಅದನ್ನು ಹಚ್ಚಿ, ಹಾಸಿಗೆಯ ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಪಂಚನಮಸ್ಕಾರವನ್ನು ಜಪಿಸುತ್ತಾರೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜಿನೇಶ್ವರನು ವೀತರಾಗ. ರೋಗವೋ ಅಸಾತಾವೇದನೀಯ ಕರ್ಮದ ಉದಯ. ಹಾಗಿರುವಾಗ ಮಿತ್ರನ ಆರೋಗ್ಯವನ್ನು ಕೋರಿ ಪ್ರಾರ್ಥಿಸುವುದಕ್ಕೆ ಅರ್ಥವೇನು? ನೋಡಲು ಹೋದವನು ಮಾಡಬಹುದಾದುದಾದರೂ ಏನು?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆರು ಅಂತರಂಗ ತಪಸ್ಸುಗಳನ್ನು ಎಣಿಸುವಾಗ ವೈಯಾವೃತ್ಯವನ್ನು ಸ್ವಾಧ್ಯಾಯ, ಧ್ಯಾನಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಆಚಾರ್ಯ, ಉಪಾಧ್ಯಾಯರೊಂದಿಗೆ ‘ಗ್ಲಾನ’ನೂ, ಎಂದರೆ ರೋಗದಿಂದ ಬಳಲಿದವನೂ, ಇದ್ದಾನೆ. ಸೂತ್ರವು ಮುನಿಸಂಘವನ್ನು ಕುರಿತದ್ದು ನಿಜ. ಆದರೆ ಕಥಾಪರಂಪರೆಯು ಈ ಹೊಣೆಯನ್ನು ಗೃಹಸ್ಥರ ಮೇಲೂ ಹೊರಿಸಿತು. ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ರಾಜನ ಕಥೆ ಎಲ್ಲರಿಗೂ ತಿಳಿದದ್ದೇ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ಅಲ್ಲಿಯೇ ವಾಂತಿ ಮಾಡಿದನು. ದುರ್ಗಂಧವನ್ನು ತಾಳಲಾರದೆ ಪರಿಜನರು ಓಡಿದರು. ರಾಜನೂ ರಾಣಿಯೂ ಕದಲದೆ ನಿಂತು ಮುನಿಯನ್ನು ಉಪಚರಿಸಿದರು. ತಾನಿತ್ತ ಆಹಾರವೇ ಒಗ್ಗದೆ ಹೋಯಿತೆಂದು ರಾಜನು ತನ್ನನ್ನೇ ಹಳಿದುಕೊಂಡನು.

ರೋಗಿಯನ್ನು ನೋಡಲು ಹೋಗುವವರು ಈ ಕೊನೆಯ ವಿವರವನ್ನು ಮರೆಯಬಾರದು. ಹಾಸಿಗೆಯ ಬಳಿ ನಿಂತು “ಯಾವ ಜನ್ಮದ ಕರ್ಮವೋ” ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಕಡಮೆಯಿಲ್ಲ. ಅದು ಸಿದ್ಧಾಂತಜ್ಞಾನವಲ್ಲ, ನಿರ್ದಯೆ. ಮತ್ತೆ ಕೆಲವರು ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯನ್ನು ಉದಾಹರಿಸುತ್ತಾರೆ. ಮುನಿಯಾದ ಬಳಿಕ ರೋಗಪೀಡಿತನಾದ ಆತನು ವೈದ್ಯನ ರೂಪದಲ್ಲಿ ಬಂದ ದೇವನಿಗೆ, ಈ ಮೈಯ ವ್ಯಾಧಿಯಿರಲಿ, ಸಂಸಾರವ್ಯಾಧಿಗೆ ಮದ್ದಿದ್ದರೆ ಕೊಡು ಎಂದನಂತೆ. ಆ ಮಾತನ್ನು ರೋಗಿಯು ತಾನೇ ಆಡಿದರೆ ವೈರಾಗ್ಯ. ಹಣ್ಣಿನ ಬುಟ್ಟಿ ಹಿಡಿದು ಬಂದವನು ಆಡಿದರೆ ಅದಕ್ಕೆ ಬೇರೆ ಹೆಸರು.

ಈ ಸಂದರ್ಭದಲ್ಲಿ ಸ್ವಾಮಿ ಸಮಂತಭದ್ರರ ವೃತ್ತಾಂತವು ಹೆಚ್ಚು ಪ್ರಸ್ತುತವಾದುದು. ತಿಂದುದೆಲ್ಲವನ್ನೂ ಬೂದಿಯಾಗಿಸುವ ಭಸ್ಮಕವ್ಯಾಧಿ ಅವರನ್ನು ಕಾಡಿತೆಂಬ ಪರಂಪರೆ ಪ್ರಾಚೀನವಾದುದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಅದರ ಸೂಚನೆಯಿದೆ. ದೇವಚಂದ್ರನ ರಾಜಾವಳಿಕಥೆಯು ಇದನ್ನು ವಿಸ್ತರಿಸಿ ಹೇಳುತ್ತದೆ. ಮುನಿಚರ್ಯೆಯ ಮಿತಾಹಾರದಿಂದ ಆ ರೋಗ ಶಮನವಾಗುವಂತಿರಲಿಲ್ಲ. ಸಮಂತಭದ್ರರು ಗುರುಗಳ ಬಳಿಗೆ ಹೋಗಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ. ಮುನಿವೇಷವನ್ನು ಬದಿಗಿರಿಸಿಯಾದರೂ ಬೇಕಾದಷ್ಟು ಆಹಾರ ದೊರೆಯುವ ಕಡೆಗೆ ಹೋಗಿ ಗುಣ ಹೊಂದಬೇಕು, ಬಳಿಕ ಮತ್ತೆ ದೀಕ್ಷೆ ಪಡೆಯಬೇಕು ಎಂಬುದು ಅವರ ಆಜ್ಞೆ.

ದಿಗಂಬರ ಮುನಿಗೆ ವ್ರತಕ್ಕಿಂತ ಮಿಗಿಲಾದುದು ಯಾವುದಿದೆ? ಆದರೂ ಗುಣವಾಗಬಲ್ಲ ರೋಗಿಯ ವಿಷಯದಲ್ಲಿ ಗುರುಗಳು ಚಿಕಿತ್ಸೆಯ ಪಕ್ಷವನ್ನು ವಹಿಸಿದರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಲಕ್ಷಣವನ್ನು ಹೇಳುವಾಗ ‘ನಿಷ್ಪ್ರತೀಕಾರ’ ಎಂಬ ಪದ ಬಂದಿದೆ. ಪ್ರತೀಕಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಅದು ವಿಹಿತ. ಮದ್ದಿರುವ ರೋಗಕ್ಕೆ ಮದ್ದು ಮಾಡಬೇಕು.

ಕಥೆಯ ಮುಂದಿನ ಭಾಗದಲ್ಲಿ ಸಮಂತಭದ್ರರು ಶಿವಾಲಯದ ನೈವೇದ್ಯವನ್ನುಂಡು ಗುಣಮುಖರಾದುದೂ, ರಾಜನು ಲಿಂಗಕ್ಕೆ ನಮಿಸಲು ಹೇಳಿದಾಗ ಇಪ್ಪತ್ತನಾಲ್ಕು ತೀರ್ಥಂಕರರನ್ನು ಸ್ತುತಿಸಿದುದೂ, ಚಂದ್ರಪ್ರಭ ಜಿನಬಿಂಬ ಪ್ರಕಟವಾದುದೂ ಬರುತ್ತವೆ. ಆ ಸ್ತುತಿಯೇ ಸ್ವಯಂಭೂಸ್ತೋತ್ರವೆಂದು ಪ್ರತೀತಿ. ಗಮನಿಸಬೇಕಾದುದೆಂದರೆ, ಮೇಲೆ ಎತ್ತಿದ ಪ್ರಶ್ನೆಗೆ ಆ ಸ್ತೋತ್ರದಲ್ಲಿಯೇ, ವಾಸುಪೂಜ್ಯ ಜಿನರ ಸ್ತುತಿಯಲ್ಲಿ, ಉತ್ತರವಿದೆ. ವೀತರಾಗನಿಗೆ ನಮ್ಮ ಪೂಜೆಯಿಂದ ಆಗಬೇಕಾದುದೇನೂ ಇಲ್ಲ. ಆತನ ಗುಣಸ್ಮರಣೆಯು ಸ್ಮರಿಸುವವರ ಚಿತ್ತವನ್ನು ಶುದ್ಧಗೊಳಿಸುತ್ತದೆ ಎಂಬುದು ಅದರ ಭಾವ. ನೋವಿನಿಂದ ಆರ್ತಧ್ಯಾನಕ್ಕೆ ಜಾರುವ ರೋಗಿಗೆ ಪಕ್ಕದಲ್ಲಿ ಕೇಳಿಬರುವ ನಮಸ್ಕಾರಮಂತ್ರವು ಆಸರೆಯಾಗುವುದು ಈ ಅರ್ಥದಲ್ಲಿ. ಅದು ವೈದ್ಯನಿಗೆ ಬದಲಿಯಲ್ಲ.

ಬದಲಿಯಾಗಿದ್ದರೆ ಜೈನಾಚಾರ್ಯರು ವೈದ್ಯಗ್ರಂಥಗಳನ್ನು ಬರೆಯುತ್ತಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ಮಾಂಸವು ಔಷಧವಲ್ಲವೆಂದು ಅರಸನ ಸಭೆಯಲ್ಲಿ ಅವರು ಪ್ರತಿಪಾದಿಸಿದ ವಿಚಾರವು ಗ್ರಂಥದ ಕೊನೆಯ ಹಿತಾಹಿತಾಧ್ಯಾಯದಲ್ಲಿದೆ. ಪೂಜ್ಯಪಾದರ ವೈದ್ಯವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಚಿಕಿತ್ಸೆಯನ್ನು ಬರೆದನು.

ಗೃಹಸ್ಥರ ಪಾಲಿಗೆ ಇದು ಔಷಧದಾನವಾಯಿತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿಯನ್ನು ಬೆಳಗೊಳದ ಶಾಸನವು ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳಿಗಾಗಿ ಕೊಂಡಾಡುತ್ತದೆ. ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆಯಾದ ಆಕೆ 1121ರಲ್ಲಿ ಸಲ್ಲೇಖನೆಯಿಂದ ಮುಡಿಪಿದಳು. ಅನೇಕರಿಗೆ ಮದ್ದು ಕೊಡಿಸಿದ ಆ ಶ್ರಾವಿಕೆಯ ನಿಸಿದಿಯನ್ನು ಗಂಗರಾಜನು ಚಂದ್ರಗಿರಿಯ ಮೇಲೆ ನಿಲ್ಲಿಸಿದನು.