ಮುದ್ದೆ, ಅನ್ನ ಬಿಟ್ಟರೆ ವಾರದಲ್ಲೇ ತೂಕ ಇಳಿಯುತ್ತದೆಯೇ? ನಿಜ ಏನು?

'ಮುದ್ದೆ, ಅನ್ನ, ಚಪಾತಿ ಪೂರ್ತಿ ಬಿಡಿ, ಒಂದೇ ವಾರದಲ್ಲಿ ಸಣ್ಣಗಾಗಿ' ಎನ್ನುವ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 'ರಾಗಿ ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ, ಎಷ್ಟು ಬೇಕಾದರೂ ತಿನ್ನಿ' ಎನ್ನುವ ಸಂದೇಶವೂ ಅಷ್ಟೇ ಜೋರಾಗಿ ಓಡಾಡುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ರಾಗಿ ಹೊಲದಲ್ಲೂ ಇದೆ, ತಟ್ಟೆಯಲ್ಲೂ ಇದೆ. ಹಾಗಾಗಿ ಇಲ್ಲಿನವರು ಈ ಎರಡನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡೂ ಅರ್ಧ ಸತ್ಯವೇ.

ಮೊದಲ ವಾರ ಇಳಿಯುವುದು ಏನು?

ಮೊದಲ ವಾರ ತೂಕ ಇಳಿಯುವುದು ಸುಳ್ಳಲ್ಲ. ಆದರೆ ಇಳಿದದ್ದರಲ್ಲಿ ಹೆಚ್ಚಿನ ಪಾಲು ಕೊಬ್ಬಲ್ಲ, ನೀರು. ನಾವು ತಿಂದ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ, ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ತಕ್ಷಣಕ್ಕೆ ಬೇಡವಾದದ್ದರಲ್ಲಿ ಒಂದಿಷ್ಟು ಗ್ಲೈಕೋಜನ್ ಎಂಬ ರೂಪದಲ್ಲಿ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಡಲ್ಪಡುತ್ತದೆ. ವಯಸ್ಕರಲ್ಲಿ ಈ ದಾಸ್ತಾನು ಸುಮಾರು ಅರ್ಧ ಕೆಜಿ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮುದ್ದೆ, ಅನ್ನ ನಿಲ್ಲಿಸಿದರೆ ದೇಹ ಈ ದಾಸ್ತಾನನ್ನು ಖರ್ಚು ಮಾಡುತ್ತದೆ, ನೀರು ಮೂತ್ರದಲ್ಲಿ ಹೋಗುತ್ತದೆ, ತಕ್ಕಡಿ ಒಂದೆರಡು ಕೆಜಿ ಕಡಿಮೆ ತೋರಿಸುತ್ತದೆ. ನೆಂಟರ ಮನೆ ಮದುವೆಯಲ್ಲಿ ಎರಡು ದಿನ ಊಟ ಮಾಡಿದರೆ ಆ ತೂಕ ಹಾಗೇ ವಾಪಸ್.

ಹಾಗಾದರೆ ಒಂದು ವರ್ಷ ಬಿಟ್ಟರೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಇರುವ ಊಟ ಹೇಳಿ 12 ತಿಂಗಳು ಗಮನಿಸಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪು ಸರಾಸರಿ 6 ಕೆಜಿ ಇಳಿದಿತ್ತು, ಎರಡನೆಯದು 5.3 ಕೆಜಿ. ಇದು ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಲ್ಲ. ಎರಡೂ ಗುಂಪಿಗೆ ಒಂದೇ ರೀತಿ ಹೇಳಿದ್ದೇನೆಂದರೆ, ಸಕ್ಕರೆ ಮತ್ತು ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚು ತಿನ್ನಿ. ಫಾರ್ವರ್ಡ್‌ಗಳಲ್ಲಿ ಈ ಭಾಗ ಯಾಕೋ ಬರುವುದೇ ಇಲ್ಲ.

ರಾಗಿ 'ಫ್ರೀ' ಅಲ್ಲ

ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 67 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, 78 ಗ್ರಾಂ ಕಾರ್ಬೋಹೈಡ್ರೇಟ್, ನಾರು 3 ಗ್ರಾಂಗಿಂತ ಕಡಿಮೆ. ನಾರು, ಕ್ಯಾಲ್ಸಿಯಂ ವಿಷಯದಲ್ಲಿ ರಾಗಿ ಎಷ್ಟೋ ಮುಂದೆ. ಆದರೆ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ. ಎರಡು ದೊಡ್ಡ ಮುದ್ದೆ ನುಂಗಿ 'ಇದು ರಾಗಿ ತಾನೇ' ಅಂದುಕೊಂಡರೆ ದೇಹ ಆ ರಿಯಾಯಿತಿ ಕೊಡುವುದಿಲ್ಲ.

ಹಿಟ್ಟು ಎಷ್ಟು ನುಣ್ಣಗಿದೆ, ಹೇಗೆ ಬೇಯಿಸಿದ್ದೀರಿ ಎನ್ನುವುದೂ ಮುಖ್ಯ. ನುಣ್ಣನೆಯ ಹಿಟ್ಟಿನ ತೆಳು ಗಂಜಿ ಶುಗರ್ ಅನ್ನು ಬೇಗ ಏರಿಸಬಹುದು. ಅದೇ ರಾಗಿಯನ್ನು ಹುರುಳಿಕಾಳಿನ ಬಸ್ಸಾರು ಅಥವಾ ಮಸ್ಸೊಪ್ಪಿನ ಜೊತೆ ತಿಂದರೆ ಕಾಳಿನ ಪ್ರೋಟೀನ್, ಸೊಪ್ಪಿನ ನಾರು ಆ ವೇಗವನ್ನು ತಗ್ಗಿಸುತ್ತವೆ. ನಮ್ಮ ಕಡೆಯ ಊಟದ ಜಾಣತನ ಮುದ್ದೆಗಿಂತ ಹೆಚ್ಚಾಗಿ ಸಾರಿನಲ್ಲಿದೆ ಎಂದು ನನಗೆ ಅನ್ನಿಸುವುದು ಇದಕ್ಕೇ. ಈಗೀಗ ಸಾರು ತೆಳ್ಳಗಾಗಿದೆ, ಕಾಳು ಹುಡುಕಬೇಕು!

2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಒಟ್ಟು ಕ್ಯಾಲೊರಿಯಲ್ಲಿ ಸುಮಾರು 62 ಭಾಗ ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾಗುವುದು ಅದರಲ್ಲಿ ಕಾಣಲಿಲ್ಲ. ಕಾರ್ಬೋಹೈಡ್ರೇಟ್‌ನ ಸ್ವಲ್ಪ ಪಾಲನ್ನು ಕಾಳು, ಬೇಳೆ ಅಥವಾ ಹಾಲು-ಮೊಸರಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ ಎಂದು ಕಂಡಿತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಧಾನ್ಯಗಳಿಂದ ಬರುವ ಶಕ್ತಿ 45 ಭಾಗ ದಾಟಬಾರದು ಎನ್ನುತ್ತದೆ. ಅಂದರೆ ಮುದ್ದೆ ಬಿಡುವುದಲ್ಲ. ಎರಡಿದ್ದದ್ದು ಒಂದಾಗಲಿ, ಸಾರಿನಲ್ಲಿ ಕಾಳು ಎರಡು ಸೌಟು ಹೆಚ್ಚಾಗಲಿ.

ಎಲ್ಲರಿಗೂ ಒಂದೇ ಅಳತೆ ಇಲ್ಲ

ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಎರಡು ಮುದ್ದೆ ಹೆಚ್ಚಲ್ಲ. ಸಿದ್ಧಗಂಗಾ ಮಠದ ದಾಸೋಹದಲ್ಲಿ ಮುದ್ದೆ ಉಣ್ಣುವ ಬೆಳೆಯುವ ಮಕ್ಕಳಿಗೂ ಈ 'ಡಯಟ್' ಸಂದೇಶ ಅನ್ವಯಿಸುವುದಿಲ್ಲ. ಗುಬ್ಬಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಕೂತು ಹೋಗಿ, ಆಫೀಸಿನಲ್ಲಿ ಕೂತು, ಮತ್ತೆ ಕೂತೇ ಬರುವವರ ಲೆಕ್ಕ ಬೇರೆ. ಇಂಥವರು ಮುದ್ದೆಯನ್ನು ದೂರುವ ಮೊದಲು ಟೀ ಲೋಟ ಎಣಿಸಬೇಕು. ಎರಡು ಚಮಚ ಸಕ್ಕರೆಯ ನಾಲ್ಕು ಟೀ ಅಂದರೆ ಸುಮಾರು 160 ಕ್ಯಾಲೊರಿ, ಅದೂ ನಾರಿಲ್ಲದ್ದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೇಲೆ ಕರಗುವ 10 ಗ್ರಾಂ ಬೆಣ್ಣೆ ಇನ್ನೊಂದು 70 ಸೇರಿಸುತ್ತದೆ. ಒಂದು ಗ್ರಾಂ ಕಾರ್ಬೋಹೈಡ್ರೇಟ್‌ನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9.

ಈ ಫಾರ್ವರ್ಡ್ ಅಪಾಯ ಆಗುವುದು ಯಾರಿಗೆ?

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ. ಔಷಧಿಯ ಪ್ರಮಾಣ ಅವರು ತಿನ್ನುವ ಊಟಕ್ಕೆ ಹೊಂದಿಸಿದ್ದು. ಮಾತ್ರೆ ನುಂಗಿ ಮುದ್ದೆ, ಅನ್ನ ಎರಡನ್ನೂ ದಿಢೀರ್ ನಿಲ್ಲಿಸಿದರೆ ಶುಗರ್ ತೀರಾ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಅಪಾಯ ಬೇರೆ ರೀತಿಯದು. ರಕ್ತದಲ್ಲಿ ಕೀಟೋನ್ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಆಗ ಶುಗರ್ ಮೀಟರ್ ಹೆಚ್ಚೇನೂ ತೋರಿಸದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಕೂಡ ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಮನೆಯಲ್ಲಿ ಮಧುಮೇಹದ ಔಷಧಿ ತೆಗೆದುಕೊಳ್ಳುವವರು ಬೆವತು, ಕೈ ನಡುಗಿ, ಮಾತು ತಡವರಿಸಿದರೆ, ಎಚ್ಚರವಿದ್ದಾಗಲೇ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಶುಗರ್ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.